ಐಸಪ್ಪನ ಬಿಳಿ ವ್ಯಾನು ನಿಂತ ಜಾಗ

ಡಬ್ಬಿಯ ತಳದಲ್ಲಿ ಒಂದಿಷ್ಟು ಬಿಳಿ ಬಣ್ಣ ಉಳಿದುಹೋದದ್ದೇ ಎಲ್ಲ ರಾದ್ಧಾಂತಕ್ಕೂ ಮೂಲ.

ಐಸಪ್ಪ ಯಾವುದನ್ನೂ ದಂಡ ಮಾಡುವ ಪೈಕಿಯಲ್ಲ. ಅಪ್ಪನ ಕಾಲದಿಂದ ಐಸ್ ಗಡ್ಡೆ ಸಾಗಿಸುವುದೇ ಅವರ ಕಸುಬು. ಹಾಗಾಗಿ ಅಪ್ಪನೂ ಐಸಪ್ಪ, ಮಗನೂ ಐಸಪ್ಪ. ಹೋದ ವಾರ ದಲ್ಲಾಳಿಯೊಬ್ಬನ ಕೈಯಿಂದ ಒಂದು ಹಳೆಯ ವ್ಯಾನು ಕೊಂಡಿದ್ದ. ಬೂದಿ ಬಣ್ಣದ್ದು. ಐಸ್ ಸಾಗಿಸುವ ಗಾಡಿ ನೋಡಿದವರ ಕಣ್ಣಿಗೇ ತಂಪಾಗಬೇಕು ಎಂದು ಭಾನುವಾರ ಇಡೀ ಕೂತು ಅದಕ್ಕೆ ಬಿಳಿ ಬಣ್ಣ ಬಳಿದ. ಎರಡು ಸಲ ಬಳಿದ ಮೇಲೂ ಬಣ್ಣ ಮಿಕ್ಕಿತು. ಬಾಗಿಲ ಹಿಡಿಗೆ ಬಳಿದ, ಕನ್ನಡಿಯ ಬೆನ್ನಿಗೆ ಬಳಿದ, ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಬಳಿದ. ಕೊನೆಗೆ ಅಡಿಯಲ್ಲಿ ಮಲಗಿದ್ದ ಬೆಕ್ಕಿನ ಬಾಲಕ್ಕೂ ಒಂದು ಗೆರೆ ಬಿತ್ತು.

ಹೆಂಡತಿ ಬಾಗಿಲಿಗೆ ಬಂದು ನೋಡಿದಳು.

“ಏನ್ರೀ ಇದು, ಹೆಣಕ್ಕೆ ಹೊದಿಸಿದ ಹಾಗಿದೆ.”

“ಬಿಡ್ತು ಅನ್ನು!” ಎಂದ ಐಸಪ್ಪ.

ಅವಳು ಬಿಡ್ತು ಅನ್ನಲಿಲ್ಲ. ಒಳಗೆ ಹೋದಳು.

ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಕಾರ್ಖಾನೆಯಲ್ಲಿ ಹನ್ನೆರಡು ಗಡ್ಡೆ ತುಂಬಿಸಿಕೊಂಡು, ಮೇಲೆ ಮರದ ಹೊಟ್ಟು ಸುರಿದು, ಗೋಣಿತಾಟು ಹೊದಿಸಿ ಹೊರಟ. ಎಂಟರ ಒಳಗೆ ಮೀನು ಮಾರುಕಟ್ಟೆಗೆ ತಲುಪಬೇಕು. ಹಿಂದಿನ ಗಾಡಿ ಕೈಕೊಟ್ಟು ಎರಡು ಸಲ ತಡವಾಗಿತ್ತು. ಮಾರುಕಟ್ಟೆಯ ಮೇಸ್ತ್ರಿ ಮೂರನೆಯ ಸಲ ಅನ್ನುವ ಮಾತೇ ಇಲ್ಲ ಎಂದು ಹೇಳಿಬಿಟ್ಟಿದ್ದ. ಇವನು ಯಾವಾಗ ಎಡವುತ್ತಾನೆ ಎಂದು ಕಾದು ಕೂತಿದ್ದವನು ಬೇರೆ ಯಾರೂ ಅಲ್ಲ, ಅವನ ಸ್ವಂತ ಷಡ್ಡಕ. ಹೆಂಡತಿಯ ತಂಗಿಯ ಗಂಡ. ಅವನ ಹತ್ತಿರ ಹೊಚ್ಚ ಹೊಸ ಗಾಡಿಯಿತ್ತು; ಒಳಗೆ ತಾನಾಗಿ ತಂಪಾಗುವಂಥದ್ದು.

ಅಂದು ಮಂಜು ಅಂದರೆ ಮಂಜು. ದಾರಿಯ ಮರಗಳು ಹತ್ತಿರ ಬಂದ ಮೇಲೆ ಮರಗಳಾಗುತ್ತಿದ್ದವು; ಅಲ್ಲಿಯವರೆಗೆ ಯಾರೋ ಕೈ ಚಾಚಿ ನಿಂತ ಹಾಗೆ ಕಾಣುತ್ತಿದ್ದವು. ಊರಾಚೆಯ ನೀರಿನ ಟ್ಯಾಂಕಿನ ತಿರುವಿನಲ್ಲಿ ವ್ಯಾನು ಎರಡು ಸಲ ಬಿಕ್ಕಳಿಸಿತು. ನಿಂತೇ ಹೋಯಿತು.

ಎಂಜಿನ್ ಸದ್ದು ಅಡಗಿದ ಮೇಲೆ ಉಳಿದ ನಿಶ್ಶಬ್ದ ಎಂಥದ್ದೆಂದರೆ, ಐಸಪ್ಪನಿಗೆ ವ್ಯಾನಿನ ಅಡಿಯಿಂದ ಹನಿ ತೊಟ್ಟಿಕ್ಕಿದ್ದು ಕೇಳಿಸಿತು. ಚಾವಿ ತಿರುಗಿಸಿದ. ಕರ್ರ್ ಎಂದಿತೇ ಹೊರತು ಹತ್ತಲಿಲ್ಲ. ಇಳಿದು ಮುಂದಿನ ಮುಚ್ಚಳ ಎತ್ತುವಷ್ಟರಲ್ಲಿ ವ್ಯಾನಿನ ಹಿಂಭಾಗದಿಂದ ಸದ್ದು ಬಂತು.

ಟಕ್. ಟಕ್ ಟಕ್.

ಒಳಗಿಂದ ಯಾರೋ ಬೆರಳ ಗೆಣ್ಣಿನಿಂದ ಬಾಗಿಲು ಬಡಿದ ಹಾಗೆ.

ಐಸ್ ಬಿರುಕು ಬಿಡುವಾಗ ಹೀಗೆ ಸದ್ದಾಗುತ್ತದೆ ಎಂದು ಅವನ ತಲೆಗೆ ಗೊತ್ತಿತ್ತು. ಮೊಣಕಾಲಿಗೆ ಗೊತ್ತಿರಲಿಲ್ಲ. ಒಳಗೆ ಬಂದು ಕೂತು ಗಾಜು ಏರಿಸಿಕೊಂಡ. ‘ಇದರಲ್ಲಿ ಕೂತವರು ಒಬ್ಬರೂ ಇವತ್ತಿನವರೆಗೆ ಒಂದು ದೂರು ಹೇಳಿಲ್ಲ’ ಎಂದು ಮಾರುವಾಗ ದಲ್ಲಾಳಿ ಹೇಳಿದ್ದ. ಆಗ ಅದು ಹೊಗಳಿಕೆಯ ಹಾಗೆ ಕೇಳಿಸಿತ್ತು. ಈಗ, ಆ ಮಂಜಿನಲ್ಲಿ, ಬೇರೆ ಥರ ಕೇಳಿಸಿತು.

ಹತ್ತು ನಿಮಿಷ ಬಿಟ್ಟು ಚಾವಿ ತಿರುಗಿಸಿದರೆ ಏನೂ ಆಗಿಯೇ ಇಲ್ಲವೆನ್ನುವಂತೆ ವ್ಯಾನು ಹತ್ತಿತು.

ಹೊರಟ. ಹೊತ್ತು ಉಳಿಸಲೆಂದು ಹೆದ್ದಾರಿ ಬಿಟ್ಟು ಒಂದು ಒಳಬೀದಿಗೆ ತಿರುಗಿಸಿದ. ಎರಡೂ ಕಡೆ ಒತ್ತೊತ್ತಾಗಿ ಹೆಂಚಿನ ಮನೆಗಳು, ಮುಂದೆ ಪುಟ್ಟ ಗೇಟುಗಳು. ನಾಲ್ಕನೆಯ ಮನೆಯ ಎದುರು ವ್ಯಾನು ಮತ್ತೆ ಬಿಕ್ಕಳಿಸಿತು. ನಿಂತಿತು.

ಆ ಮನೆಯ ವರಾಂಡದಲ್ಲಿ ಬೆತ್ತದ ಕುರ್ಚಿಯ ಮೇಲೆ ಒಬ್ಬ ಮುದುಕರು ಕೂತಿದ್ದರು. ವ್ಯಾನನ್ನು ನೋಡಿದರು. ಗಾಬರಿಯಿಲ್ಲ, ಆಶ್ಚರ್ಯವೂ ಇಲ್ಲ. ನಿಧಾನವಾಗಿ ಎದ್ದು ಒಳಗೆ ಹೋದರು. ಐಸಪ್ಪ ಇನ್ನೂ ಚಾವಿಯ ಜೊತೆ ಜಗಳವಾಡುತ್ತಿರುವಾಗ ಒಗೆದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ಕೈಯಲ್ಲೊಂದು ಸಣ್ಣ ಚೀಲ ಹಿಡಿದು ಬಂದವರೇ ಆ ಕಡೆಯ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತರು.

“ಸ್ವಲ್ಪ ತಡ ಮಾಡ್ದೆ ನೀನು. ಇರ್ಲಿ. ನಡಿ.”

“ಎಲ್ಲಿಗೆ ಅಜ್ಜಾ?”

“ಎಲ್ಲಿಗೆ ಅಂತ ನನ್ನ ಕೇಳ್ತೀಯಲ್ಲೋ! ನಾನೇನು ಮುಂಚೆ ಹೋಗಿ ಬಂದಿದೀನಾ?”

ಐಸಪ್ಪ ಚಾವಿಯಿಂದ ಕೈ ತೆಗೆದ. ಅಷ್ಟರಲ್ಲಿ ಮನೆಯೊಳಗಿಂದ ಸೌಟು ಹಿಡಿದ ಹೆಂಗಸೊಬ್ಬಳು ಓಡಿಬಂದಳು. ಮುದುಕರ ಸೊಸೆ.

“ಮಾವಾ! ಎಲ್ಲಿ ಹತ್ತಿದ್ರಿ? ಇಳೀರಿ! ತಿಂಡಿ ಆಗಿಲ್ಲ ಇನ್ನೂ!”

“ನಿನ್ನ ತಿಂಡಿಗೆ ಕಾಯ್ತಾ ಕೂತ್ರೆ ಗಾಡಿ ಕಾಯುತ್ತಾ? ನಿಮ್ಮತ್ತೇನ ಕರ್ಕೊಂಡು ಹೋದದ್ದೂ ಇದೇ. ನಮ್ಮಣ್ಣನ್ನ ಕರ್ಕೊಂಡು ಹೋದದ್ದೂ ಇದೇ. ನಂಗೆ ಗುರುತಿಲ್ವಾ?”

ಸೊಸೆ ಆಗ ವ್ಯಾನನ್ನು ಸರಿಯಾಗಿ ನೋಡಿದಳು. ಗುಂಡು ದೀಪಗಳು. ಬಿಳಿ ಮೈ. ಹಿಂದೆ ಕಿಟಕಿಯಿಲ್ಲ. ಅಡಿಯಿಂದ ಪಟಪಟ ನೀರು ತೊಟ್ಟಿಕ್ಕುತ್ತಿತ್ತು. ಅವಳ ಕೈಯ ಸೌಟು ತಾನಾಗಿ ಕೆಳಗಿಳಿಯಿತು.

“ಯಾರ ಮನೆಗೆ ಬಂದದ್ದು?” ಎಂದು ಮಂಜಿನೊಳಗಿಂದ ಒಂದು ಧ್ವನಿ ಕೇಳಿತು. ಮೊದಲು ಟಾರ್ಚು ಬಂತು, ಆಮೇಲೆ ಮಫ್ಲರು ಬಂತು, ಅವೆರಡರ ನಡುವೆ ಒಬ್ಬ ಎತ್ತರದ ಮನುಷ್ಯ ಬಂದ. ನಿವೃತ್ತ ಸ್ಟೇಷನ್ ಮಾಸ್ತರು. ರೈಲುಗಳು ಕೈಬಿಟ್ಟುಹೋದ ಮೇಲೆ ಬೀದಿಯಲ್ಲಿ ಓಡಾಡುವ ಎಲ್ಲದರ ಹೊತ್ತುಗೊತ್ತನ್ನೂ ಇವರೇ ನೋಡಿಕೊಳ್ಳುತ್ತಿದ್ದರು.

“ಸ್ವಾಮಿ, ಇದು ಐಸ್ ಗಾಡಿ. ಕೆಟ್ಟು ನಿಂತಿದೆ, ಅಷ್ಟೇ,” ಎಂದ ಐಸಪ್ಪ.

“ಐಸ್ ಯಾವುದಕ್ಕೆ ಇಡ್ತಾರೆ ಅಂತ ನಂಗೂ ಗೊತ್ತು,” ಎಂದರು ಮಾಸ್ತರು. ಆಮೇಲೆ ದನಿ ತಗ್ಗಿಸಿ, “ನೋಡಪ್ಪ, ಈ ಬೀದಿ ವಿಷಯ ನಿಂಗೊತ್ತಿಲ್ಲ. ಊರಿನ ಶವದ ಗಾಡಿ ಇತ್ತಲ್ಲ, ಹೋದ ವರ್ಷ ಹರಾಜು ಹಾಕಿದ್ರು. ಅದು ಇಲ್ಲಿ ಎರಡು ಸಲ ಕೆಟ್ಟು ನಿಂತಿತ್ತು. ಎರಡೂ ಸಲ ಖಾಲಿ, ಬೇರೆ ಕಡೆ ಹೊರಟಿದ್ದು. ಮೊದಲನೇ ಸಲ ಬೆಳಿಗ್ಗೆ ಆರು ಐವತ್ತಕ್ಕೆ, ಏಳನೇ ಮನೆ ಮುಂದೆ. ನಾಲ್ಕನೇ ದಿನ ಏಳನೇ ಮನೆ ಡ್ರಾಯಿಂಗ್ ಮೇಷ್ಟ್ರು ಹೊರಟ್ರು. ಎರಡನೇ ಸಲ ಎರಡನೇ ಮನೆ ಮುಂದೆ. ಅಲ್ಲಿ ಮೂರೇ ದಿನ. ಗಾಡಿ ಬಿಫೋರ್ ಟೈಮ್ ಇತ್ತು.”

“ಇದು ಅದಲ್ಲ ಸ್ವಾಮಿ! ನಾನು ದಲ್ಲಾಳಿ ಹತ್ರ ತಗೊಂಡಿದ್ದು.”

“ದಲ್ಲಾಳಿ ಎಲ್ಲಿಂದ ತಗೊಂಡ?”

ಐಸಪ್ಪ ವ್ಯಾನಿನ ಹಿಂಭಾಗದ ಕಡೆ ತಿರುಗಿ ನೋಡಿದ. ದೂರು ಹೇಳದ ಪ್ರಯಾಣಿಕರು ಅವನ ಕಣ್ಣಮುಂದೆ ಸಾಲಾಗಿ ಬಂದು ನಿಂತರು.

“ತೋರಿಸ್ತೀನಿ ಬನ್ನಿ,” ಎಂದು ರೋಷದಿಂದ ಕೆಳಗಿಳಿದು ಹಿಂದಕ್ಕೆ ಹೋಗಿ ಬಾಗಿಲು ತೆಗೆದ. ಅದೊಂದು ತಪ್ಪಾಯಿತು.

ಒಳಗಿಂದ ಬೆಳ್ಳಗಿನ ಆವಿ ಹೊರಳಿಕೊಂಡು ಹೊರಗೆ ಬಿತ್ತು. ಅದು ಚದುರಿದಾಗ ಗೋಣಿತಾಟು ಹೊದ್ದ ಉದ್ದುದ್ದ ಆಕಾರಗಳು ಸಾಲಾಗಿ ಮಲಗಿದ್ದು ಕಂಡಿತು. ಬೀದಿಯವರೆಲ್ಲ ಅಷ್ಟು ಹೊತ್ತಿಗೆ ನೆರೆದಿದ್ದರು. ಟಕ್, ಎಂದಿತು ಒಳಗೆ. ಟಕ್ ಟಕ್. ಆಮೇಲೆ ತುದಿಯಲ್ಲಿದ್ದ ಗಡ್ಡೆಯೊಂದು, ರಸ್ತೆ ಇಳಿಜಾರಿದ್ದುದರಿಂದ, ಯಾರೂ ಮುಟ್ಟದೆ, ಬಹಳ ನಿಧಾನವಾಗಿ, ಗೋಣಿತಾಟಿನ ಅಡಿಯಿಂದ ಕಾಲು ಹೊರಗೆ ಹಾಕಿದ ಹಾಗೆ ಜಾರಿಬಂತು.

ಮುಂದಿನ ಕ್ಷಣದಲ್ಲಿ ಬೀದಿಯಲ್ಲಿ ಐಸಪ್ಪ, ಒಂದು ಗಡ್ಡೆ, ಮತ್ತೆ ಯಾರದೋ ಒಂಟಿ ಚಪ್ಪಲಿ ಮಾತ್ರ ಉಳಿದವು.

ಗಡ್ಡೆ ಕೆಳಗೆ ಬಿದ್ದು ಒಡೆದು ಚೂರಾದ ಮೇಲೆ ಅದು ಐಸೇ ಎಂದು ಜನಕ್ಕೆ ಗೊತ್ತಾಯಿತು. ಮೆಲ್ಲಗೆ ಮತ್ತೆ ಬಂದರು. ಆದರೆ ಗೊತ್ತಾದದ್ದರಿಂದ ಸಮಾಧಾನವೇನೂ ಆಗಲಿಲ್ಲ. ಒಳಗೆ ಏನಿದೆ ಎನ್ನುವುದು ಅವರ ಪ್ರಶ್ನೆಯೇ ಅಲ್ಲ. ಗಾಡಿ ಯಾವುದು ಎನ್ನುವುದು ಪ್ರಶ್ನೆ.

“ಅದೆಲ್ಲ ಆಮೇಲೆ,” ಎಂದ ಐದನೆಯ ಮನೆಯ ಕೊಳಾಯಿ ಕೆಲಸದವನು, ತೋಳು ಮಡಚುತ್ತ. “ಮೊದಲು ಇದನ್ನ ಇಲ್ಲಿಂದ ಕಳಿಸೋಣ. ಪೆಟ್ರೋಲ್ ಇದೆಯಾ?”

“ಅರ್ಧ ಟ್ಯಾಂಕ್ ಇದೆ.”

“ಪ್ಲಗ್ಗಿಗೆ ಕಿಡಿ ಬರ್ತಿದೆಯಾ?”

ನೋಡಿದರು. ಕಿಡಿ ಚೆನ್ನಾಗಿಯೇ ಹಾರುತ್ತಿತ್ತು. ಗಾಳಿ ಜಾಲರಿ ಬಿಚ್ಚಿ ಕೊಡವಿದರು. ಅದರಿಂದ ಒಂದು ಸಣ್ಣ ಬಿಳಿ ಗರಿ ಹೊರಬಂದು ಗಾಳಿಯಲ್ಲಿ ತೇಲಿತು. ಎಲ್ಲರೂ ಅದನ್ನೇ ನೋಡಿದರು.

“ಹಾಗಾದ್ರೆ ಪೈಪಲ್ಲೇ ಏನೋ ಸಿಕ್ಕಿದೆ,” ಎಂದ ಕೊಳಾಯಿಯವನು. “ನೀರಿನ ಪೈಪಾದ್ರೇನು, ಪೆಟ್ರೋಲ್ ಪೈಪಾದ್ರೇನು. ಬಾಯಲ್ಲಿ ಎಳೆದ್ರೆ ಬರುತ್ತೆ.” ಪೈಪಿನ ತುದಿ ಕಿತ್ತು ಬಾಯಿಗಿಟ್ಟು ಎಳೆದ. ಏನೂ ಬರಲಿಲ್ಲ. ಕೆನ್ನೆ ಒಳಕ್ಕೆ ಹೋಗುವಂತೆ ಎಳೆದ. ಆಗ ಬಾಯಿ ತುಂಬ ಬಂತು. ಆಮೇಲೆ ಅರ್ಧ ಗಂಟೆ ಅವನು ಮಾತಾಡಿದಾಗಲೆಲ್ಲ ಜನ ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

ಪೈಪು ಜೋಡಿಸಿ ಐಸಪ್ಪ ಚಾವಿ ತಿರುಗಿಸಿದ. ಹತ್ತಿತು! ಬೀದಿಯೆಲ್ಲ “ಹೋಯ್ತು ಹೋಯ್ತು” ಎಂದು ಕೂಗಿತು. ವ್ಯಾನು ಹತ್ತು ಮಾರು ಹೋಗಿ ಐದನೆಯ ಮನೆಯ ಗೇಟಿನ ಎದುರು ನಿಂತಿತು.

ಐದನೆಯ ಮನೆ ಕೊಳಾಯಿಯವನದೇ.

“ಅಯ್ಯಯ್ಯೋ, ಇಲ್ಲಿ ಬೇಡ! ಇನ್ನೊಂದ್ಸಲ ಹೊಡಿ, ಇನ್ನೊಂದ್ಸಲ!” ಎಂದು ಅವನು ಕೂಗಿಕೊಂಡ.

ಇನ್ನೊಂದು ಸಲ ಹತ್ತಿತು. ಇನ್ನು ಹತ್ತು ಮಾರು. ಆರನೆಯ ಮನೆ. ಒಳಗೆ ಯಾರೋ ದಢಾರನೆ ಕಿಟಕಿ ಮುಚ್ಚಿದರು. ಮತ್ತೆ ಹತ್ತಿತು, ಏಳನೆಯ ಮನೆ. ಡ್ರಾಯಿಂಗ್ ಮೇಷ್ಟ್ರ ಹೆಂಡತಿ ಬಾಗಿಲಿಗೆ ಬಂದು, “ನಮ್ಮನೇದು ಆಗಿದೆಯಲ್ಲಪ್ಪ!” ಎಂದು ಅಳು ದನಿಯಲ್ಲಿ ಹೇಳಿದಳು. ಮನೆ ಮನೆಗೂ ಅಂಚೆಯವನು ಕಾಗದ ಕೊಟ್ಟು ಹೋದ ಹಾಗೆ ವ್ಯಾನು ಒಂದೂ ಗೇಟು ತಪ್ಪಿಸದೆ ನಿಂತು ನಿಂತು ಹೋಯಿತು. ಪಕ್ಕದಲ್ಲಿ ಕೂತ ಅಜ್ಜ ಒಂದೊಂದು ಮನೆ ಬಂದಾಗಲೂ ಬಗ್ಗಿ ನೋಡಿ, “ಇವರೂ ಬರ್ತಾರಾ? ಜಾಗ ಸಾಲಲ್ಲ,” ಎನ್ನುತ್ತಿದ್ದರು.

ಎಂಟನೆಯ ಮನೆ ಸ್ಟೇಷನ್ ಮಾಸ್ತರದು. ಅಲ್ಲಿ ನಿಂತ ವ್ಯಾನು ಮತ್ತೆ ಹತ್ತಲೇ ಇಲ್ಲ.

ಇಷ್ಟು ಹೊತ್ತು ಗಂಭೀರವಾಗಿದ್ದ ಮಾಸ್ತರ ಮಫ್ಲರು ಬಿಚ್ಚಿಹೋಯಿತು. “ತಳ್ಳಿ! ಎಲ್ಲರೂ ಕೈ ಹಾಕಿ! ಲೈನ್ ಕ್ಲಿಯರ್ ಮಾಡಿ!” ಎಂದು ತಾವೇ ಭುಜ ಕೊಟ್ಟರು. ತಳ್ಳಿದರು. ಒಂಬತ್ತನೆಯ ಮನೆಯವರು ಮೂವರು ಅಣ್ಣತಮ್ಮಂದಿರು ಹೊರಬಂದು ಎದುರಿನಿಂದ ಕೈ ಒತ್ತಿ ನಿಂತರು. “ನಮ್ಮ ಗೇಟಿಗೆ ಬೇಡ ಮಾಸ್ತರೇ. ಮನೇಲಿ ವಯಸ್ಸಾದ ತಾಯಿ ಇದಾರೆ.” “ನಂಗೇನು ವಯಸ್ಸಾಗಿಲ್ವಾ?” ಎಂದರು ಮಾಸ್ತರು. ಆ ಕಡೆಯವರು ಈ ಕಡೆಗೆ, ಈ ಕಡೆಯವರು ಆ ಕಡೆಗೆ. ಮಂಜಿನಲ್ಲಿ ಬೀದಿಯ ಉದ್ದಕ್ಕೂ ಆ ಬಿಳಿ ಗಾಡಿ ಎಂಜಿನ್ನಿಲ್ಲದೆ, ಸದ್ದಿಲ್ಲದೆ ಹಿಂದೆ ಮುಂದೆ ಹಿಂದೆ ಮುಂದೆ ತೇಲಿತು. ಸ್ಟೀರಿಂಗ್ ಹಿಡಿದ ಐಸಪ್ಪನಿಗೆ ತಾನು ಯಾರದೋ ಕೆಟ್ಟ ಕನಸಿನಲ್ಲಿ ತೊಟ್ಟಿಲಲ್ಲಿ ಮಲಗಿರುವ ಹಾಗೆ ಅನ್ನಿಸಿತು.

ಜೇಬಿನಲ್ಲಿ ಫೋನು ನಡುಗಿತು. ಮೇಸ್ತ್ರಿ.

“ಎಲ್ಲಿದೀಯ ಐಸಪ್ಪ? ಎಂಟು ಕಾಲು. ಮೀನು ನನ್ನ ಮುಖ ನೋಡ್ತಾ ಇದೆ.”

“ಬಂದೆ ಅಣ್ಣ, ದಾರೀಲಿದೀನಿ.”

“ಅದೇನು ಅಷ್ಟೊಂದು ಜನ ಅಳ್ತಾ ಇದಾರೆ?”

“ಏನಿಲ್ಲ ಅಣ್ಣ… ತಳ್ತಾ ಇದಾರೆ.”

ಐಸಪ್ಪ ಫೋನಿನಲ್ಲಿ ಮಾತಾಡಲು ಇಳಿದಿದ್ದೇ ತಡ, ಕೊಳಾಯಿಯವನು ಹತ್ತಿ ಕೂತ. “ತಳ್ಳಿ ಸ್ಟಾರ್ಟ್ ಮಾಡೋದು ಹೇಗೆ ಅಂತ ನಾನು ತೋರಿಸ್ತೀನಿ!” ಎಂದವನೇ ಕ್ಲಚ್ ಮೇಲೆ ಕಾಲಿಟ್ಟು ಕೊಳಾಯಿಯ ತುಕ್ಕು ಹಿಡಿದ ನಟ್ಟಿಗೆ ಒದೆಯುವ ಹಾಗೆ ಒದ್ದ. ಟಂಗ್ ಎಂದು ಏನೋ ಹರಿಯಿತು. ಪೆಡಲು ಸತ್ತ ಮೀನಿನ ಹಾಗೆ ನೆಲಕ್ಕೆ ಮಲಗಿತು.

“ಕ್ಲಚ್ ವೈರು,” ಎಂದರು ಅಜ್ಜ ಪಕ್ಕದಿಂದ, ಶಾಂತವಾಗಿ. “ಇರ್ಲಿ ಬಿಡು. ಅಲ್ಲಿಗೆ ಕ್ಲಚ್ ಯಾಕೆ?”

ಒಂಬತ್ತು ಗಂಟೆಗೆ ಮಂಜು ಕರಗಿತು. ಬಿಸಿಲು ಬಿತ್ತು. ವ್ಯಾನಿನ ಅಡಿಯ ತೊಟ್ಟುಗಳು ಧಾರೆಯಾದವು. ಐಸಪ್ಪನಿಗೆ ತನ್ನದೇ ರಕ್ತ ಹರಿದುಹೋಗುತ್ತಿದ್ದ ಹಾಗೆ ಸಂಕಟವಾಯಿತು. ಒಂಬತ್ತೂವರೆಗೆ ಮೇಸ್ತ್ರಿಯ ಕೊನೆಯ ಫೋನು ಬಂತು. ಬೈಗುಳವಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. “ಬೇಡ ಬಿಡು ಐಸಪ್ಪ. ನಿನ್ನ ಷಡ್ಡಕ ಬಂದು ಇಳಿಸಿ ಹೋದ. ನಾಳೆಯಿಂದಾನೂ ಅವನೇ ಬರ್ತಾನಂತೆ.”

ಐಸಪ್ಪ ಫುಟ್‌ಪಾತಿನ ಕಲ್ಲಿನ ಮೇಲೆ ಕೂತುಬಿಟ್ಟ. ಅಪ್ಪನ ಕಾಲದ ಗಿರಾಕಿ. ಎರಡು ತಲೆಮಾರು ಹೆಪ್ಪುಗಟ್ಟಿ ನಿಂತದ್ದು ಒಂದು ಬೆಳಿಗ್ಗೆಯಲ್ಲಿ ನೀರಾಗಿ ಚರಂಡಿ ಸೇರಿತು. ಅಜ್ಜನ ಸೊಸೆ ಅವನನ್ನು ನೋಡಿ, ಒಳಗೆ ಹೋಗಿ, ಒಂದು ಲೋಟ ಕಾಫಿ ತಂದುಕೊಟ್ಟಳು. “ಕುಡೀರಿ ಅಣ್ಣ. ನೀವು ಯಾರೇ ಆಗಿರ್ಲಿ,” ಎಂದಳು.

ಮಾಸ್ತರು ಫೋನು ಮಾಡಿ ಮೆಕ್ಯಾನಿಕ್ಕನ್ನು ಕರೆಸಿದ್ದರು. ಹತ್ತು ಗಂಟೆಗೆ ಅವನು ತನ್ನ ಕಡುಹಸಿರು ವ್ಯಾನಿನಲ್ಲಿ ಬಂದ. ಕಟ್ಟುಮಸ್ತಾದ, ಮಾತು ಕಡಿಮೆಯ ಆಸಾಮಿ. ಎಲ್ಲರೂ ಒಟ್ಟಿಗೆ ಹೇಳಿದ್ದನ್ನು ಒಂದು ಕಿವಿಯಿಂದ ಕೇಳಿದ.

“ಹೊರಟು ಎಷ್ಟು ಹೊತ್ತಿಗೆ ನಿಲ್ಲುತ್ತೆ?”

“ಮೊದಲನೇ ಸಲ ಇಪ್ಪತ್ತು ನಿಮಿಷಕ್ಕೆ ನಿಂತಿತು,” ಎಂದ ಐಸಪ್ಪ. “ಹತ್ತು ನಿಮಿಷ ಬಿಟ್ರೆ ಹತ್ತಿತು. ಆಮೇಲೆ ಬೇಗ ಬೇಗ ನಿಲ್ತಾ ಬಂತು.”

ಮೆಕ್ಯಾನಿಕ್ಕು ವ್ಯಾನಿನ ಪಕ್ಕಕ್ಕೆ ಹೋಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕಿ ತಿರುಗಿಸಿದ.

ಉಸ್ಸ್ಸ್ಸ್ಸ್…

ನೀಳವಾಗಿ, ಆಳವಾಗಿ, ಬಹಳ ಹೊತ್ತು ನೀರಲ್ಲಿ ಮುಳುಗಿದ್ದವನು ಮೇಲೆ ಬಂದು ಉಸಿರೆಳೆದುಕೊಂಡ ಹಾಗೆ ವ್ಯಾನು ಉಸಿರೆಳೆಯಿತು. ಒಂಬತ್ತನೆಯ ಮನೆಯ ದೊಡ್ಡಣ್ಣ ತಮ್ಮನ ಬೆನ್ನ ಹಿಂದೆ ಸೇರಿಕೊಂಡ.

“ಮುಚ್ಚಳದಲ್ಲಿ ಸಣ್ಣ ತೂತಿರುತ್ತೆ,” ಎಂದ ಮೆಕ್ಯಾನಿಕ್ಕು. “ಪೆಟ್ರೋಲ್ ಹೋದ ಹಾಗೆ ಅಷ್ಟು ಗಾಳಿ ಒಳಗೆ ಬರ್ಬೇಕು. ಯಾರೋ ಪುಣ್ಯಾತ್ಮ ಅದರ ಮೇಲೆ ಬಣ್ಣ ಬಳಿದು ತೂತು ಮುಚ್ಚಿದಾನೆ. ಗಾಳಿ ಬರ್ಲಿಲ್ಲ ಅಂದ್ರೆ ಪೆಟ್ರೋಲ್ ಹೇಗೆ ಇಳಿಯುತ್ತೆ? ಗಾಡಿಗೂ ಉಸಿರು ಬೇಕಲ್ವಾ.”

ಪುಣ್ಯಾತ್ಮ ಕಾಫಿ ಲೋಟದೊಳಗೆ ಮುಖ ಹಾಕಿಕೊಂಡ.

ಸೂಜಿಯಿಂದ ತೂತು ಬಿಡಿಸಿ ಚಾವಿ ತಿರುಗಿಸಿದರೆ ವ್ಯಾನು ಒಂದೇ ಏಟಿಗೆ ಹತ್ತಿ ಗುರುಗುಟ್ಟಿತು. ಹತ್ತಿ ಏನು ಬಂತು, ಕ್ಲಚ್ ಇಲ್ಲ. “ಗ್ಯಾರೇಜಿಗೆ ಎಳ್ಕೊಂಡು ಹೋಗ್ಬೇಕು. ವೈರು ಯಾರು ಹರಿದಿದ್ದು?” ಎಂದು ಅವನು ಕೇಳಿದಾಗ ಕೊಳಾಯಿಯವನಿಗೆ ಆಕಾಶದಲ್ಲಿ ಏನೋ ಕಾಣಿಸಿತು.

ಆದರೆ ಮಾಸ್ತರು ಬಿಡುವವರಲ್ಲ. “ಅದೆಲ್ಲ ಸರಿ. ಇದು ಅದೇ ಗಾಡಿ ಹೌದೋ ಅಲ್ವೋ, ಅದನ್ನ ಹೇಳು. ಇಲ್ಲಾಂದ್ರೆ ಇವತ್ತು ಈ ಬೀದೀಲಿ ಯಾರೂ ಮಲಗಲ್ಲ.”

ಮೆಕ್ಯಾನಿಕ್ಕು ಭುಜ ಕುಣಿಸಿ, ಚಪ್ಪಟೆ ಉಳಿ ತೆಗೆದುಕೊಂಡು ವ್ಯಾನಿನ ಪಕ್ಕೆಯಲ್ಲಿ ಬಣ್ಣ ಕೆರೆಯತೊಡಗಿದ. ಬಿಳಿ ಪದರ ಹೋಯಿತು. ಐಸಪ್ಪನ ಭಾನುವಾರ ಹಾಳೆ ಹಾಳೆಯಾಗಿ ನೆಲಕ್ಕೆ ಬಿತ್ತು. ಬೂದಿ ಪದರ ಹೋಯಿತು. ಅದರಡಿ ಕೆಂಪಾಗಿ ಒಂದು ಅಕ್ಷರ ಕಂಡಿತು.

‘ಮು.’

“ಮುಕ್ತಿ!” ಎಂದು ಮಾಸ್ತರು ಚೀರಿದರು. “ಮುಕ್ತಿ ವಾಹನ! ನಾನು ಹೇಳ್ಲಿಲ್ವಾ!” ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಒಳಗೆ ಕೂತ ಅಜ್ಜ ಮಾತ್ರ, “ಓದಿ ಓದಿ, ಬೇಗ ಓದಿ, ಹೊತ್ತಾಯ್ತು,” ಎಂದರು.

ಉಳಿ ಮುಂದೆ ಸರಿಯಿತು. ‘ದ್ದು.’

“ಮುದ್ದು?” ಎಂದರು ಯಾರೋ.

‘ಕೋ.’ ‘ಳಿ.’

ಮುದ್ದು ಕೋಳಿ ಫಾರಂ. ಕೆಳಗೆ ಒಂದು ಹುಂಜದ ಚಿತ್ರವೂ ಇತ್ತು.

ಬೀದಿಯೆಲ್ಲ ಹೆಂಚು ಹಾರಿಹೋಗುವ ಹಾಗೆ ನಕ್ಕಿತು. ಡ್ರಾಯಿಂಗ್ ಮೇಷ್ಟ್ರ ಹೆಂಡತಿಯೂ ನಕ್ಕಳು. ಐಸಪ್ಪನೂ ನಕ್ಕ, ಹೊಟ್ಟೆಪಾಡು ಕಳೆದುಕೊಂಡವನು ನಗಬಾರದೆಂದು ಆ ಗಳಿಗೆ ನೆನಪಾಗಲಿಲ್ಲ. ದೂರು ಹೇಳದ ಪ್ರಯಾಣಿಕರು ಕೋಳಿಗಳೇ, ಅಂತೂ!

ನಗದವರು ಒಬ್ಬರೇ. ಅಜ್ಜ ಚೀಲ ಹಿಡಿದು ಕೆಳಗಿಳಿದರು. ಅವಮಾನದಿಂದ ಅವರ ಮೂಗು ಕೆಂಪಾಗಿತ್ತು.

“ನಾನು ಇಷ್ಟು ಹೊತ್ತು ಕೋಳಿ ಗೂಡಲ್ಲಿ ಕೂತಿದ್ನಾ?” ಎಂದರು. “ಮೊದಲೇ ಹೇಳ್ಬಾರ್ದಿತ್ತಾ? ಒಗೆದ ಅಂಗಿ ಬೇರೆ ಹಾಳಾಯ್ತು.” ಸೊಸೆಯ ಕೈ ಹಿಡಿದು, “ತಿಂಡಿ ಏನು ಮಾಡಿದೀಯ?” ಎಂದು ಕೇಳುತ್ತ ಹೊರಟರು.

ಮೆಕ್ಯಾನಿಕ್ಕು ಹಗ್ಗ ಬಿಗಿದ. ಹರಿದವನೇ ಹಿಡಿಯಲಿ ಎಂದು ಕೊಳಾಯಿಯವನನ್ನು ಬಿಳಿ ವ್ಯಾನಿನ ಸ್ಟೀರಿಂಗಿಗೆ ಕೂರಿಸಿ, ಐಸಪ್ಪನಿಗೆ ಹಸಿರು ವ್ಯಾನಿನಲ್ಲಿ ತನ್ನ ಪಕ್ಕದ ಸೀಟು ತೋರಿಸಿದ. ಐಸಪ್ಪ ಹತ್ತಿ ಕೂತು ಕಣ್ಣು ಮುಚ್ಚಿದ.

ಕಿಟಕಿಯ ಮೇಲೆ ಯಾರೋ ಮೆಲ್ಲಗೆ ತಟ್ಟಿದರು. ಕಣ್ಣು ತೆರೆದರೆ ಅಜ್ಜ. ಅರ್ಧ ದಾರಿಯಿಂದ ತಿರುಗಿ ಬಂದಿದ್ದರು. ಹಸಿರು ವ್ಯಾನಿನ ಹಿಂದಿನ ಬಾಗಿಲನ್ನು ಒಮ್ಮೆ ಸವರಿ, ಅದರ ಮೈಗೆ ಕೈಯಿಟ್ಟುಕೊಂಡೇ ಮುಂದಕ್ಕೆ ಬಂದಿದ್ದರು. ಈಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಬಸ್ ನಿಲ್ದಾಣದಲ್ಲಿ ಬೇರೆಯವರ ಬಸ್ಸು ಬಂದಾಗ ಅವರಿಗೆ ದಾರಿ ಬಿಡುವವರ ದಾಕ್ಷಿಣ್ಯವಿತ್ತು.

“ನಿಂಗೆ ವಯಸ್ಸೆಷ್ಟಪ್ಪಾ?”

“ನಲವತ್ತೆರಡು ಅಜ್ಜ. ಯಾಕೆ?”

“ಪಾಪ,” ಎಂದರು ಅಜ್ಜ. ಅವನ ಕೈಯನ್ನೊಮ್ಮೆ ತಟ್ಟಿ ಹೊರಟುಹೋದರು.

ಹಸಿರು ವ್ಯಾನು ಸದ್ದೇ ಇಲ್ಲದೆ ಹೊರಟಿತು. ಒಳಗೆ ತಣ್ಣಗಿತ್ತು. ಐಸ್ ಕಾರ್ಖಾನೆಯ ತಂಪು ಐಸಪ್ಪನಿಗೆ ಗೊತ್ತು, ಇದು ಅದಲ್ಲ. ಹಿಂದಕ್ಕೆ ತಿರುಗಿ ನೋಡಿದ. ಉದ್ದನೆಯ ಖಾಲಿ ಜಾಗ. ನೆಲಕ್ಕೆ ತಗಡು. ಎರಡೂ ಬದಿಗೆ, ಏನನ್ನೋ ಬಿಗಿಯಾಗಿ ಕಟ್ಟಲು ಬರುವ ಹಾಗೆ, ಕೊಂಡಿಗಳ ಸಾಲು.

“ಒಳ್ಳೇ ಗಾಡಿ,” ಎಂದ ಐಸಪ್ಪ, ಏನಾದರೂ ಮಾತಿರಲಿ ಎಂದು. “ಎಲ್ಲಿ ತಗೊಂಡ್ರಿ?”

“ಹರಾಜಲ್ಲಿ. ಹೋದ ವರ್ಷ.”

ಐಸಪ್ಪ ಮುಂದಿನ ಪ್ರಶ್ನೆ ಕೇಳಬಾರದೆಂದುಕೊಂಡ. ನಾಲಿಗೆ ಕೇಳಿಬಿಟ್ಟಿತು.

“ಬಣ್ಣ… ಮೊದಲಿಂದಾನೂ ಹಸಿರೇನಾ?”

“ಇಲ್ಲ, ಬಿಳಿ ಇತ್ತು. ಬಿಳಿ ಇದ್ರೆ ಗಿರಾಕಿಗಳು ಹತ್ತಲ್ಲ.” ಮೆಕ್ಯಾನಿಕ್ಕು ಗೇರು ಬದಲಾಯಿಸಿದ. “ನೀವು ಯಾರ ಹತ್ರಾನೂ ಹೇಳ್ಬೇಡಿ. ಆ ಬೀದಿಯವರಿಗೆ ಗೊತ್ತಾದ್ರೆ ಇನ್ನೊಂದ್ಸಲ ಕರೆಯಲ್ಲ. ಜನಕ್ಕೆ ಏನೇನೋ ಭ್ರಮೆ. ನನ್ನ ಕೈಗೆ ಬಂದ ಮೇಲೆ ಒಂದು ದಿನಾನೂ ಇದು ಕೆಟ್ಟು ನಿಂತಿಲ್ಲ, ಗೊತ್ತಾ?”

ಐಸಪ್ಪ ಸೀಟಿನ ತುದಿಗೆ ಬಂದು, ಮೈ ಎಲ್ಲಿಗೂ ತಾಗದ ಹಾಗೆ ಕೂತ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅನ್ನುವ ಮಾತನ್ನು ಅವನು ಎಷ್ಟೋ ಸಲ ಆಡಿದ್ದ. ಗವಾಕ್ಷಿಯೊಳಗೇ ಕೂತು ಆಡಿರಲಿಲ್ಲ. ಗ್ಯಾರೇಜು ಬರಲಿ, ಇಳಿದು ನಡೆದೇ ಮನೆಗೆ ಹೋಗುತ್ತೇನೆ ಎಂದು ಕಿಟಕಿಯಾಚೆ ನೋಡುತ್ತ ಕೂತ. ಒಂದು ಶಾಲೆ ದಾಟಿತು. ಹಿಟ್ಟಿನ ಗಿರಣಿ ದಾಟಿತು. ಆಮೇಲೆ ಗುರುತಿನ ತಿರುವು, ಗುರುತಿನ ಬೇಲಿ.

ಎಂಜಿನ್ ಸದ್ದು ನಿಂತಿತು. ಬಿಕ್ಕಳಿಸಲಿಲ್ಲ, ನಡುಗಲಿಲ್ಲ, ಮಾತು ಮುಗಿಸಿದವರ ಹಾಗೆ ಸುಮ್ಮನಾಯಿತು. ವ್ಯಾನು ನಾಲ್ಕು ಮಾರು ಉರುಳಿ ನಿಂತಿತು.

“ನಮ್ಮನೆ ಇಲ್ಲೇ ಅಂತ ನಾನು ನಿಮಗೆ ಹೇಳಲೇ ಇಲ್ವಲ್ಲ?” ಎಂದ ಐಸಪ್ಪ. ಅವನ ದನಿ ಅವನಿಗೇ ದೂರದಿಂದ ಕೇಳಿಸಿತು.

“ಯಾರ ಮನೆ?” ಎಂದ ಮೆಕ್ಯಾನಿಕ್ಕು, ಚಾವಿ ತಿರುಗಿಸುತ್ತ. “ನಾನು ಗ್ಯಾರೇಜಿಗೆ ಹೋಗ್ತಾ ಇದ್ದೆ.”

ನಡುಮಧ್ಯಾಹ್ನ. ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ. ನೆರಳುಗಳೂ ಮನೆಯೊಳಗೆ ಹೋಗಿದ್ದವು. ಮೆಕ್ಯಾನಿಕ್ಕು ಇಳಿದು ಪೆಟ್ರೋಲ್ ನೋಡಿದ. ಕಿಡಿ ನೋಡಿದ. ಮುಚ್ಚಳ ತೆಗೆದು ತೂತು ನೋಡಿದ. ವೈರು ವೈರನ್ನೂ ಮುಟ್ಟಿ ನೋಡಿದ. ಕಾಲು ಗಂಟೆಯಾದ ಮೇಲೆ ಕೈ ಒರೆಸಿಕೊಂಡು ನಿಂತ. ಅವನ ಮುಖ ಬಿಳಚಿಕೊಂಡಿತ್ತು.

“ಎಲ್ಲಾ ಸರಿಯಾಗಿದೆ,” ಎಂದ.

“ಮತ್ತೆ ಯಾಕೆ ನಿಂತಿತು?”

ಮೆಕ್ಯಾನಿಕ್ಕು ಐಸಪ್ಪನ ಗೇಟನ್ನು ನೋಡಿದ, ಐಸಪ್ಪನನ್ನು ನೋಡಿದ. “ಒಂದು ಸಾಮಾನು ತರ್ತೀನಿ,” ಎಂದು ನಡೆದ. ಹಿಂದಿನ ವ್ಯಾನಿನಿಂದ ಇಳಿದಿದ್ದ ಕೊಳಾಯಿಯವನು ಅವನಿಗಿಂತ ಮುಂದೆಯೇ ತಿರುವು ದಾಟಿದ್ದ.

ಸದ್ದು ಕೇಳಿ ಹೆಂಡತಿ ಬಾಗಿಲಿಗೆ ಬಂದಳು. ತಂಗಿ ಆಗಲೇ ಫೋನು ಮಾಡಿ ಗುತ್ತಿಗೆಯ ವಿಷಯ ಹೇಳಿಯಾಗಿತ್ತು. ಅವಳ ಕಣ್ಣು ಕೆಂಪಗಿತ್ತು. ಆದರೆ ರಸ್ತೆಯ ನಡುವೆ, ಕೆರೆದ ಬಣ್ಣದ ಚೂರು ತಲೆಯ ಮೇಲೆಲ್ಲ ಹೊತ್ತು ನಿಂತಿದ್ದ ಗಂಡನ ಮುಖ ನೋಡಿ ಬೈಗುಳವನ್ನೆಲ್ಲ ನುಂಗಿಕೊಂಡಳು.

“ಹೋದ್ರೆ ಹೋಯ್ತು ಬಿಡ್ರಿ. ಯಾಕೆ ಹಾಗೆ ಗರ ಬಡಿದವರ ಹಾಗೆ ನಿಂತಿದೀರಾ? ಒಳಗೆ ಬನ್ನಿ.”

ಐಸಪ್ಪ ಆ ಕಡೆ ನೋಡಿದ. ಮನೆಯ ಬಾಗಿಲು ತೆರೆದಿತ್ತು. ಈ ಕಡೆ ನೋಡಿದ. ಹಸಿರು ವ್ಯಾನಿನ ಹಿಂದಿನ ಬಾಗಿಲು, ಯಾರೂ ತೆಗೆಯದಿದ್ದರೂ, ನಿಧಾನವಾಗಿ ತೆರೆದುಕೊಳ್ಳುತ್ತಿತ್ತು.

“ಯಾವುದರೊಳಗೆ?” ಎಂದ.